ಹೇಮಾವತಿಯ ದಡದ ಹಳೆಯ ದೇವಾಲಯ

ಹಾಸನದ ಸೀಮೆಗೆ ಹೋದವರು ಬೇಲೂರು ಹಳೇಬೀಡುಗಳನ್ನು ನೋಡದೆ ಹಿಂದಿರುಗುವುದಿಲ್ಲ. ಶ್ರವಣಬೆಳಗೊಳದ ಬೆಟ್ಟವನ್ನು ಹತ್ತದೆಯೂ ಬರುವುದಿಲ್ಲ. ಆ ಸ್ಥಳಗಳ ವಿಷಯವಾಗಿ ಬಲ್ಲವರು ಬರೆದಿರುವುದು ಬೇಕಾದಷ್ಟಿದೆ. ನಾವು ಈ ಸಲ ವಾಚಕರ ಮುಂದಿಡಬೇಕೆಂದಿರುವುದು ಶಿಲ್ಪಕ್ಕಾಗಲಿ ಪ್ರಾಚೀನತೆಗಾಗಲಿ ಹೆಸರಾದ ಸ್ಥಳವನ್ನಲ್ಲ. ಹಾಸನ ಪಟ್ಟಣಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ, ಹೇಮಾವತಿಯ ಜಲಾಶಯದ ಅಂಚಿನಲ್ಲಿ, ಮಾಡಿಲ್ಲದೆ ಬಾಗಿಲಿಲ್ಲದೆ ಗಂಟೆಯಿಲ್ಲದೆ ನಿಂತಿರುವ ಒಂದು ಕ್ರೈಸ್ತ ದೇವಾಲಯವನ್ನು ಕುರಿತು ನಾಲ್ಕು ಮಾತು ಬರೆಯುತ್ತೇವೆ. ಶೆಟ್ಟಿಹಳ್ಳಿಯ ಜಪಸರದ ಮಾತೆಯ ದೇವಾಲಯವೆಂದು ಅದಕ್ಕೆ ಹೆಸರು. ವರ್ಷದಲ್ಲಿ ಕೆಲವು ತಿಂಗಳು ಅದು ನೀರಿನಲ್ಲಿರುತ್ತದೆ. ಕೆಲವು ತಿಂಗಳು ನೆಲದ ಮೇಲಿರುತ್ತದೆ. ಮಳೆಗಾಲದಲ್ಲಿ ಹರಿಗೋಲಿನಲ್ಲಿ ಕುಳಿತು ಅದನ್ನು ಸುತ್ತುವವರುಂಟು. ಬೇಸಗೆಯಲ್ಲಿ ಅದರೊಳಗೆ ದನ ಮೇಯುತ್ತವೆ.

ನಮಗೆ ಆ ದೇವಾಲಯದೊಡನೆ ಇರುವುದು ಬರಿಯ ಪ್ರವಾಸಿಗಳ ಸಂಬಂಧವಲ್ಲ. ನಮ್ಮ ತಾಯಿಯವರು ಜ್ಞಾನಸ್ನಾನವನ್ನು ಪಡೆದದ್ದು ಅಲ್ಲಿ. 1971ರಲ್ಲಿ ನಮ್ಮ ತಂದೆಯವರ ಕೈಹಿಡಿದದ್ದೂ ಅಲ್ಲಿಯೇ. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟನ್ನು ಕಟ್ಟುವ ಕೆಲಸವು 1979ರಲ್ಲಿ ಮುಗಿಯಿತು. ನೀರು ಏರುವುದಕ್ಕೆ ಮೊದಲೇ ಅವರಿಬ್ಬರೂ ಮನೆಯ ಹೆಂಚನ್ನು ಇಳಿಸಿ, ತೊಲೆಗಳನ್ನೂ ಬಾಗಿಲುವಾಡಗಳನ್ನೂ ಕಳಚಿ, ಎತ್ತಿನ ಗಾಡಿಗೆ ಹೇರಿಕೊಂಡು, ಬೇರೆ ಕಡೆ ತೋರಿಸಿದ ನೆಲಕ್ಕೆ ಹೋದರು. ನಾವು ಹುಟ್ಟಿದ್ದು ಆ ತರುವಾಯ. ಆದುದರಿಂದ ಆ ಊರು ನಮಗೆ ಬಾಲ್ಯದಿಂದಲೂ ಬರಿಯ ಮಾತಿನ ಊರು. ಮನೆಯಲ್ಲಿ ಅದರ ಹೆಸರನ್ನು ಹೇಳುತ್ತಿದ್ದವರೂ ಕಡಿಮೆ. 'ಅಲ್ಲಿ' ಎಂದರೆ ಸಾಕಾಗಿತ್ತು. ಹುಣಿಸೆಯೆಂದರೆ ಅಲ್ಲಿಯ ಹುಣಿಸೆ, ನೀರೆಂದರೆ ಅಲ್ಲಿಯ ಬಾವಿಯ ನೀರು. ಮುಂದೆ ಉದ್ಯೋಗನಿಮಿತ್ತವಾಗಿ ನಾವು ಬೆಂಗಳೂರನ್ನು ಸೇರಿದಾಗ ತಂದೆತಾಯಿಗಳೂ ನಮ್ಮೊಡನೆ ಬಂದರು; 'ಅಲ್ಲಿ' ಎಂಬ ಮಾತೂ ಜೊತೆಗೆ ಬಂದಿತು.

ತಂದೆಯವರು ಎರಡು ಮೂರು ವರ್ಷಕ್ಕೊಮ್ಮೆ, ನೀರಿಳಿದ ಕಾಲವನ್ನು ನೋಡಿಕೊಂಡು, ಒಬ್ಬರೇ ಶೆಟ್ಟಿಹಳ್ಳಿಗೆ ಹೋಗಿ ಬರುತ್ತಿದ್ದರು. ಹೊರಡುವಾಗಲೆಲ್ಲಾ ತಾಯಿಯವರನ್ನು ಕರೆಯುವರು. ತಾಯಿಯವರ ಉತ್ತರವೂ ಪ್ರತಿಸಲವೂ ಒಂದೇ: "ಸತ್ತವರ ಮುಖವನ್ನು ಒಂದು ಸಲ ನೋಡಿದರೆ ಸಾಲದೇ? ಮತ್ತೆ ಮತ್ತೆ ತೆಗೆದು ನೋಡಬೇಕೇ?" ತಂದೆಯವರು ಏನೂ ಹೇಳದೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಡುವರು. ಬಂದ ಮೇಲೆ ಅವರ ಎಕ್ಕಡಕ್ಕೆ ಮೆತ್ತಿದ ಬೂದುಬಣ್ಣದ ಕೆಸರನ್ನು ತಾಯಿಯವರೇ ತೊಳೆದಿಡುವರು. ಆದರೆ ಅಲ್ಲಿ ಏನು ಕಂಡಿರೆಂದು ಕೇಳಿದವರಲ್ಲ.

ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಸಂಜೆ ಊಟಕ್ಕೆ ಮುಂಚೆ ಎಲ್ಲರೂ ಕೂಡಿ ಜಪಸರದ ಪ್ರಾರ್ಥನೆಯನ್ನು ಮಾಡುವುದು ಹಿರಿಯರ ಕಾಲದಿಂದ ಬಂದದ್ದು. ಈ ಪ್ರಾರ್ಥನೆಯನ್ನರಿಯದ ವಾಚಕರಿಗೆ ಇಷ್ಟನ್ನು ತಿಳಿಸಿದರೆ ಸಾಕು: ಹತ್ತು ಹತ್ತು ಮಣಿಗಳ ಐದು ಭಾಗಗಳನ್ನು ಎಣಿಸುತ್ತಾ, ಒಂದೊಂದು ಭಾಗಕ್ಕೂ ಯೇಸುಸ್ವಾಮಿಯವರ ಮತ್ತು ಅವರ ತಾಯಿಯ ಜೀವನದ ಒಂದೊಂದು ಘಟನೆಯನ್ನು ನೆನೆಯುತ್ತಾರೆ. ಈ ಘಟನೆಗಳಿಗೆ ದೇವರಹಸ್ಯಗಳೆಂದು ಹೆಸರು. ಸೋಮವಾರ ಶನಿವಾರಗಳಿಗೆ ಸಂತೋಷದ ರಹಸ್ಯಗಳು, ಮಂಗಳವಾರ ಶುಕ್ರವಾರಗಳಿಗೆ ದುಃಖದವು, ಬುಧವಾರ ಭಾನುವಾರಗಳಿಗೆ ಮಹಿಮೆಯವು. ಗುರುವಾರಕ್ಕೆ ಬೆಳಕಿನ ರಹಸ್ಯಗಳೆಂಬುವನ್ನು 2002ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಸೇರಿಸಿದರು. ಹೀಗೆ ವಾರವೊಂದು ಕಳೆಯುವಷ್ಟರಲ್ಲಿ ಮನೆಯ ಮಂದಿ ಒಂದು ಜನ್ಮದ ಸುಖದುಃಖಗಳೆಲ್ಲವನ್ನೂ ಒಮ್ಮೆ ಸುತ್ತಿ ಬಂದಂತಾಗುತ್ತದೆ.

ತಂದೆಯವರನ್ನು ಮಣ್ಣುಮಾಡಿ ಬಂದ ಸಂಜೆಯಿಂದ ನಮ್ಮ ತಾಯಿಯವರು ಯಾವ ವಾರವೇ ಆಗಲಿ ದುಃಖದ ರಹಸ್ಯಗಳನ್ನಲ್ಲದೆ ಬೇರೊಂದನ್ನು ಹೇಳಲಿಲ್ಲ. ಗೆತ್ಸೆಮನೆಯ ತೋಟದ ಸಂಕಟ, ಚಾವಟಿಯ ಏಟು, ಮುಳ್ಳಿನ ಕಿರೀಟ, ಶಿಲುಬೆಯನ್ನು ಹೊತ್ತದ್ದು, ಮರಣ. ಮಾರನೆಯ ದಿನ ಮತ್ತೆ ಅದೇ ತೋಟ. ಮೊದಲ ತಿಂಗಳು ನಾವು ಅದನ್ನು ಸಹಜವೆಂದೇ ತಿಳಿದೆವು. ಆರು ತಿಂಗಳಾದ ಮೇಲೆ ಹನ್ನೆರಡು ವರ್ಷದ ನಮ್ಮ ಮಗಳು ಒಂದು ದಿನ ಮೆಲ್ಲಗೆ, "ಅಜ್ಜೀ, ಇವತ್ತು ಸೋಮವಾರ" ಎಂದಳು. "ಸೋಮವಾರವಾದರೇನು ಮಗು, ನನಗೆ ಎಲ್ಲ ದಿನವೂ ಶುಕ್ರವಾರವೇ" ಎಂದರು ತಾಯಿಯವರು. ಅದರಿಂದಾಚೆಗೆ ಯಾರೂ ಮಾತನಾಡಲಿಲ್ಲ. ಏಳು ವರ್ಷದ ಮಗ ಪ್ರಾರ್ಥನೆಯ ಹೊತ್ತಿಗೆ ಹೊಟ್ಟೆನೋವೆಂದು ಮಲಗಲಾರಂಭಿಸಿದನು. ನಮ್ಮ ಮನೆಯವರು ಒಂದೆರಡು ಬಾರಿ, "ನೀವಾದರೂ ಅಮ್ಮನಿಗೆ ಹೇಳಬಾರದೇ?" ಎಂದು ನಮ್ಮನ್ನು ಕೇಳಿದ್ದುಂಟು. ಶೋಕದಲ್ಲಿರುವ ತಾಯಿಗೆ ಪ್ರಾರ್ಥನೆಯ ಕ್ರಮವನ್ನು ಕಲಿಸುವ ಧೈರ್ಯ ಯಾವ ಮಗನಿಗಿದೆ? ನಾವು ಸುಮ್ಮನಿದ್ದೆವು. ಸುಮ್ಮನಿದ್ದದ್ದು ಸರಿಯೋ ತಪ್ಪೋ, ಈಗಲೂ ನಿರ್ಧರಿಸಲಾರೆವು.

ಎರಡನೆಯ ವರ್ಷದ ಸ್ಮರಣೆಯ ಪೂಜೆಯನ್ನು ಮುಗಿಸಿಕೊಂಡು ಮನೆಗೆ ಬಂದ ದಿನ ತಾಯಿಯವರು ತಾವಾಗಿಯೇ, "ಈಗ ಅಲ್ಲಿ ನೀರು ಇಳಿದಿರುತ್ತದೆಯಲ್ಲವೇ?" ಎಂದು ಕೇಳಿದರು. ಇಳಿದಿರುತ್ತದೆ ಎಂದೆವು. "ಹಾಗಾದರೆ ಹೋಗೋಣ. ಅವರು ಕರೆದಾಗಲೆಲ್ಲ ನಾನು ಹೋಗಲಿಲ್ಲ" ಎಂದರು.

ಜನವರಿಯ ಕೊನೆಯ ಶನಿವಾರ ಬೆಳಗಿನ ಜಾವ ಐವರೂ ಕಾರಿನಲ್ಲಿ ಹೊರಟೆವು. ಬುತ್ತಿಗೆ ಚಿತ್ರಾನ್ನ ಮೊಸರನ್ನಗಳಿದ್ದವು. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 180 ಕಿಲೋಮೀಟರು, ರಸ್ತೆ ಒಳ್ಳೆಯದು. ಕುಣಿಗಲು ಕಳೆಯುವವರೆಗೆ ಮಂಜು ಬಿಟ್ಟಿರಲಿಲ್ಲ. ಯಡಿಯೂರಿನಲ್ಲಿ ಕಾಫಿ ಕುಡಿದೆವು. ರಾಗಿಯ ಕೊಯ್ಲು ಮುಗಿದು ಹೊಲಗಳಲ್ಲಿ ಮೆದೆಗಳು ನಿಂತಿದ್ದವು. ರಸ್ತೆಯ ಬದಿಯಲ್ಲಿ ಅವರೆಕಾಯಿಯ ರಾಶಿ. ತಾಯಿಯವರು ಹೆಚ್ಚು ಮಾತನಾಡಲಿಲ್ಲ. ಚನ್ನರಾಯಪಟ್ಟಣದ ಸೀಮೆಯಲ್ಲಿ ಒಂದು ದೊಡ್ಡ ಕಾಲುವೆಯನ್ನು ಕಂಡು, "ಇದು ಯಾವ ನೀರು?" ಎಂದು ಕೇಳಿದರು. ಹೇಮಾವತಿಯದು, ಗೊರೂರಿನಿಂದ ಬರುತ್ತದೆ, ತುಮಕೂರಿನ ಕಡೆಗೂ ಹೋಗುತ್ತದೆ ಎಂದೆವು. ತಾಯಿಯವರು ಹಿಂತಿರುಗಿ, ಕಾಲುವೆ ಮರೆಯಾಗುವವರೆಗೆ ನೋಡಿ, "ನಮ್ಮ ಗದ್ದೆ ಮುಳುಗಿದ್ದು ಇಲ್ಲಿಗೆ ಬಂತೇ!" ಎಂದರು. ಆ ಮಾತಿನಲ್ಲಿ ಸಿಟ್ಟಿತ್ತೋ ಸಮಾಧಾನವಿತ್ತೋ ತಿಳಿಯಲಿಲ್ಲ.

ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹಗಳನ್ನು ಓದಿದವರಿಗೆ ಹೇಮಾವತಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಮೂಡಿಗೆರೆಯ ಸೀಮೆಯ ಮಲೆಗಳಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಸುಮಾರು 245 ಕಿಲೋಮೀಟರು ಹರಿದು ಕಾವೇರಿಯನ್ನು ಸೇರುವ ನದಿ ಅದು. ಹಾಸನವನ್ನು ಬಿಟ್ಟು ಶೆಟ್ಟಿಹಳ್ಳಿಯ ದಾರಿ ಹಿಡಿದರೆ ತೆಂಗು, ಹೊಲ, ಸಣ್ಣ ಊರುಗಳು. ನದಿ ಹತ್ತಿರವಿದೆಯೆಂಬ ಸೂಚನೆಯೇ ಇಲ್ಲ. ಒಂದು ತಿರುವಿನಲ್ಲಿ ನೆಲವು ಇದ್ದಕ್ಕಿದ್ದಂತೆ ಇಳಿಜಾರಾಗಿ, ಮುಂದೆ ನೀರಿನ ಬಯಲೂ ಅದರ ಈಚೆಗೆ ಹಸುರು ಹುಲ್ಲೂ, ಆ ಹುಲ್ಲಿನ ನಡುವೆ ಕಿತ್ತಳೆಗೆಂಪು ಬಣ್ಣದ ಎತ್ತರವಾದ ಗೋಡೆಗಳೂ ಕಾಣಿಸಿದವು. ಮಕ್ಕಳು ಕೂಗಿಕೊಂಡು ಇಳಿದು ಓಡಿದರು.

ಈ ಕಟ್ಟಡವು 1860ರ ಸುಮಾರಿನಲ್ಲಿ ಫ್ರಾನ್ಸಿನಿಂದ ಬಂದ ಪಾದ್ರಿಗಳು ಕಟ್ಟಿಸಿದ್ದು. ಕೊನೆ ಚೂಪಾಗಿ ಮೇಲೇರುವ ಕಮಾನುಗಳು ಆ ದೇಶದ ಹಳೆಯ ದೇವಾಲಯಗಳ ಕ್ರಮದವು. ಬೆಲ್ಲವನ್ನೂ ಕೋಳಿಮೊಟ್ಟೆಯನ್ನೂ ಸೇರಿಸಿ ಗಾರೆಯನ್ನು ಅರೆದಿದ್ದರೆಂದು ಊರಿನವರು ಹೇಳುತ್ತಾರೆ. ನಮ್ಮ ತಾಯಿಯವರೂ ಹಾಗೆಯೇ ಕೇಳಿದ್ದರು. ಮಾಡೆಲ್ಲಾ ಹೋಗಿದೆ. ಗಾರೆ ಉದುರಿದ ಕಡೆ ಇಟ್ಟಿಗೆಯ ಸಾಲು ಪಕ್ಕೆಲುಬುಗಳ ಹಾಗೆ ಕಾಣುತ್ತದೆ. ಎರಡು ಪಕ್ಕದಲ್ಲಿಯೂ ಕಮಾನುಗಳ ಸಾಲು, ನಡುವೆ ಆಕಾಶ, ಕೊನೆಯಲ್ಲಿ ಬಲಿಪೀಠವಿದ್ದ ಗರ್ಭಸ್ಥಾನ. ಗೋಡೆಗಳ ಮೇಲೆ ನೀರು ನಿಂತ ಎತ್ತರವನ್ನು ತೋರಿಸುವ ಗೆರೆಗಳು ಒಂದರ ಮೇಲೊಂದು ಬಿದ್ದಿವೆ. ನೆಲದಲ್ಲಿ ಒಣಗಿ ಬಿರಿದ ಕೆಸರು, ಅದರಲ್ಲಿ ಸಣ್ಣ ಸಣ್ಣ ಚಿಪ್ಪುಗಳು. ಒಂದು ಗೋಡೆಯ ನೆತ್ತಿಯ ಮೇಲೆ ನೀರುಕಾಗೆಯೊಂದು ರೆಕ್ಕೆಗಳನ್ನು ಬಿಚ್ಚಿ ಬಿಸಿಲಿಗೆ ಹಿಡಿದು ಕುಳಿತಿತ್ತು. ಕೈಗೆಟಕುವ ಎತ್ತರದಲ್ಲೆಲ್ಲಾ ಬಂದುಹೋದವರು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ನೀರು ಇಷ್ಟು ವರ್ಷ ಮಾಡಿದ ಹಾನಿಗೆ ನಾವು ನೀರನ್ನು ದೂರಲಾರೆವು. ಈ ಕೆತ್ತನೆಯವರನ್ನು ದೂರುವೆವು.

ತಾಯಿಯವರು ಬಾಗಿಲಿದ್ದ ಕಡೆ ನಿಂತು ಮೆಟ್ಟನ್ನು ಬಿಟ್ಟರು. ಒಳಗೆ ಕುರಿಯ ಹಿಕ್ಕೆಯಿತ್ತು, ಕಲ್ಲುಚೂರಿತ್ತು. "ಅತ್ತೆ, ಕಾಲಿಗೆ ಚುಚ್ಚೀತು" ಎಂದರು ನಮ್ಮ ಮನೆಯವರು. ತಾಯಿಯವರು ಕೇಳಿಸಿಕೊಂಡಂತೆ ತೋರಲಿಲ್ಲ. ಬಲಗೈಯ ಬೆರಳುಗಳನ್ನು ಬಾಗಿಲ ಪಕ್ಕದ ಬರಿಯ ಗೋಡೆಯ ಕಡೆಗೆ ನೀಡಿದರು. ಆಮೇಲೆ ಹಣೆಗೆ ಎದೆಗೆ ಭುಜಗಳಿಗೆ ಮುಟ್ಟಿಸಿ ಶಿಲುಬೆಯ ಗುರುತನ್ನು ಮಾಡಿಕೊಂಡರು. ಮಂತ್ರಿಸಿದ ನೀರಿನ ಬಟ್ಟಲು ಅಲ್ಲಿ ಇತ್ತೆಂದು ನಮಗೆ ಆಗ ಹೊಳೆಯಿತು. ನಲವತ್ತೈದು ವರ್ಷಗಳಿಗೂ ಮಿಗಿಲಾಗಿ ಕಾಣದ ಸ್ಥಳವನ್ನು ಕೈ ಮರೆತಿರಲಿಲ್ಲ.

ಒಳಗೆ ಅವರು ನಿಧಾನವಾಗಿ ನಡೆದು ಒಂದೊಂದನ್ನಾಗಿ ತೋರಿಸಿದರು. ಇಲ್ಲಿ ಗಂಡಸರು, ಅಲ್ಲಿ ಹೆಂಗಸರು. ಎಲ್ಲರೂ ನೆಲದ ಮೇಲೆಯೇ ಕುಳಿತುಕೊಳ್ಳುವುದು. ಇದು ಜ್ಞಾನಸ್ನಾನದ ತೊಟ್ಟಿಯಿದ್ದ ಮೂಲೆ. ಆಗ ನಮ್ಮ ಮಗನು, ಬಹಳ ಹೊತ್ತಿನಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ಕಾಣುತ್ತದೆ, "ಅಜ್ಜೀ, ದೇವರ ಮನೆಯೇ ಮುಳುಗಿದರೆ ದೇವರು ಎಲ್ಲಿಗೆ ಹೋದರು?" ಎಂದು ಕೇಳಿದನು.

ದೇವರು ಎಲ್ಲೆಲ್ಲೂ ಇದ್ದಾನೆಂಬ, ಎಲ್ಲರಿಗೂ ಬಾಯಿಪಾಠವಾದ ಉತ್ತರ ನಮ್ಮ ತುಟಿಯವರೆಗೆ ಬಂದಿತ್ತು. ತಾಯಿಯವರು ಅದನ್ನು ಹೇಳಲಿಲ್ಲ. ಅವರು ಹೇಳಿದ್ದಿಷ್ಟು: "ಹೊಸ ಜಾಗಕ್ಕೆ ಹೋದಾಗ ಅಲ್ಲಿ ಗುಡಿಯಿರಲಿಲ್ಲ, ಗಂಟೆಯಿರಲಿಲ್ಲ, ಕಣಪ್ಪ. ಸಂಜೆಯಾದರೆ ಕಿವಿಗೆ ಏನೋ ಕಳೆದುಹೋದ ಹಾಗಾಗುತ್ತಿತ್ತು. ಆಗ ನಿಮ್ಮ ಮುತ್ತಾತ ಮುರಿದ ನೇಗಿಲಿನ ಗುಳವನ್ನು ಬೇಲಿಯ ಮರಕ್ಕೆ ಹಗ್ಗದಲ್ಲಿ ಕಟ್ಟಿ, ಸುತ್ತಿಗೆಯಿಂದ ಹೊತ್ತಿಗೆ ಸರಿಯಾಗಿ ಹೊಡೆಯುವರು. ಡಣ್ ಡಣ್ ಎಂದು ಕೆಟ್ಟ ಸದ್ದು. ಆ ಸದ್ದಿಗೆ ಕೇರಿಯ ಜನವೆಲ್ಲಾ ಮರದ ಕೆಳಗೆ ಬಂದು ಮೊಣಕಾಲೂರುತ್ತಿದ್ದೆವು. ದೇವರು ಬಂದದ್ದು ಆ ಮರದ ಕೆಳಕ್ಕೆ." ಸ್ವಲ್ಪ ತಡೆದು, "ನಾನೇ ಅದನ್ನು ಮರೆತಿದ್ದೆ" ಎಂದರು.

ಬಿಸಿಲೇರಿತು. ಕಮಾನಿನ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿದೆವು. ಮಗಳು ಈ ಊರಿಗೆ ಪಾದ್ರಿಗಳು ಏಕೆ ಬಂದರೆಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇವೆ. ಏಕೆಂದರೆ ಈ ಸೀಮೆಯ ಕ್ರೈಸ್ತ ಒಕ್ಕಲುಗಳ ಮೂಲವನ್ನು ಹುಡುಕಿದರೆ ಒಂದು ವಿಚಿತ್ರವಾದ ಜೀವನ ಕಾಣಸಿಗುತ್ತದೆ. ಅಬ್ಬೆ ದುಬ್ವಾ ಎಂಬ ಫ್ರೆಂಚ್ ಗುರುಗಳು 1792ರಲ್ಲಿ ಹಿಂದೂದೇಶಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಈ ದೇಶದ ಉಡುಪನ್ನೇ ಉಟ್ಟು, ಈ ದೇಶದ ಆಹಾರವನ್ನೇ ಉಂಡು, ಹಳ್ಳಿಗಳಲ್ಲಿ ವಾಸಿಸಿದರು. ಜನರಿಗೆ ಅವರು ದೊಡ್ಡ ಸ್ವಾಮಿಯವರು. ಸಿಡುಬಿಗೆ ದೇವಿ ಹಾಕಿಸುವ ಕ್ರಮವನ್ನು ಈ ಸೀಮೆಯಲ್ಲಿ ಹರಡಿದವರಲ್ಲಿ ಅವರೊಬ್ಬರು. ನೆಲೆಯಿಲ್ಲದವರಿಗೆ ನೆಲವನ್ನು ಕೊಡಿಸಿ ಬೇಸಾಯದ ಹಳ್ಳಿಗಳನ್ನು ನೆಲೆಗೊಳಿಸಿದರು. ಹಾಸನದ ಕಡೆಯ ಕ್ರೈಸ್ತ ಹಳ್ಳಿಗಳ ಆರಂಭವನ್ನು ಅವರ ಹೆಸರಿಗೇ ಸೇರಿಸಿ ಹೇಳುವುದು ವಾಡಿಕೆ. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತು ಅವರು ಬರೆದ ದೊಡ್ಡ ಗ್ರಂಥವು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿನ ಅನೇಕ ಅಭಿಪ್ರಾಯಗಳು ನಮಗೆ ಒಪ್ಪಿಗೆಯಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ವಿಚಿತ್ರವೆಂದದ್ದು ಮುಂದಿನ ಸಂಗತಿಯನ್ನು. ಮೂವತ್ತೊಂದು ವರ್ಷ ದುಡಿದ ಮೇಲೆ 1823ರಲ್ಲಿ ಅವರು ತಮ್ಮ ದೇಶಕ್ಕೆ ಹಿಂದಿರುಗಿದರು. ಅದೇ ವರ್ಷ ಅವರ ಇನ್ನೊಂದು ಪುಸ್ತಕವು ಪ್ರಕಟವಾಯಿತು. ಈ ದೇಶದಲ್ಲಿ ಕ್ರೈಸ್ತಮತವು ಬೇರೂರುವುದು ಆಗಿಹೋಗುವ ಕೆಲಸವಲ್ಲವೆಂದು ಅದರ ಮುಖ್ಯಾಭಿಪ್ರಾಯ. ತಾವು ಮಾಡಿದ್ದೆಲ್ಲಾ ವ್ಯರ್ಥವಾಯಿತೆಂಬ ಎಣಿಕೆಯಿಂದಲೇ ಅವರು ಹಡಗನ್ನು ಹತ್ತಿರಬೇಕು. 1848ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಈ ದೇವಾಲಯವನ್ನು ಅವರು ಕಾಣಲಿಲ್ಲ. ಇದು ಎದ್ದದ್ದು ಅವರು ಕಾಲವಾದ ಹನ್ನೆರಡು ವರ್ಷಗಳ ಸುಮಾರಿಗೆ. ಇದು ನೀರಿಗೆ ಸೇರಿದ್ದನ್ನೂ ಕಾಣಲಿಲ್ಲ. ಆದರೆ ಅವರ ಲೆಕ್ಕದಲ್ಲಿ ಬಾರದಿದ್ದ ಒಂದು ಸಂಸಾರವು ಇಲ್ಲಿ ಮುರಿದ ಕಮಾನಿನ ಕೆಳಗೆ ಕುಳಿತು, ಊಟಕ್ಕೆ ಮುಂಚೆ ಶಿಲುಬೆಯ ಗುರುತನ್ನು ಮಾಡಿ, ಚಿತ್ರಾನ್ನವನ್ನು ಉಣ್ಣುತ್ತಿತ್ತು. ನೆಲಕ್ಕೆ ಬಿದ್ದು ಸಾಯುವ ಕಾಳನ್ನು ಕುರಿತು ಯೇಸುಸ್ವಾಮಿಯವರು ಹೇಳಿದ್ದನ್ನು ದೊಡ್ಡ ಸ್ವಾಮಿಯವರು ಎಷ್ಟೋ ಸಲ ಇತರರಿಗೆ ಬೋಧಿಸಿರಬೇಕು. ಬಿತ್ತಿದವನಿಗೆ ಪೈರನ್ನು ನೋಡುವ ಭಾಗ್ಯ ಇರಲೇಬೇಕೆಂದು ಆ ಮಾತಿನಲ್ಲಿ ಎಲ್ಲಿಯೂ ಇಲ್ಲ. ಮಗಳು ಇದನ್ನೆಲ್ಲಾ ಕೇಳಿ, "ಪಾಪ, ಅವರಿಗೆ ಯಾರಾದರೂ ಕಾಗದ ಬರೆದು ತಿಳಿಸಬೇಕಾಗಿತ್ತು" ಎಂದಳು.

ಊಟವಾಗುವಷ್ಟರಲ್ಲಿ ಒಂದು ಗುಂಪು ಬಂದಿತು. ಜರತಾರಿಯ ಉಡುಪಿನ ಒಬ್ಬ ಹುಡುಗಿ, ಹೊಸ ಕೋಟಿನ ಒಬ್ಬ ಹುಡುಗ, ಬೆಳಕನ್ನು ತಿರುಗಿಸುವ ಬಿಳಿಯ ಹಲಗೆಗಳನ್ನು ಹಿಡಿದ ಇಬ್ಬರು, ಕ್ಯಾಮೆರಾದವರು. ಮದುವೆಗೆ ಮುಂಚೆಯೇ ವಧೂವರರು ಇಂಥ ಸ್ಥಳಗಳಲ್ಲಿ ನಿಂತು ಚಿತ್ರಗಳನ್ನು ತೆಗೆಸಿಕೊಳ್ಳುವುದು ಈಗಿನ ರೂಢಿಯೆಂಬುದನ್ನು ವಾಚಕರು ಬಲ್ಲರು. ಅವರು ಗರ್ಭಸ್ಥಾನಕ್ಕೇ ನಡೆದರು. ಬಲಿಪೀಠವಿದ್ದ ಎಡೆಯಲ್ಲಿ ಹುಡುಗಿ ಸೆರಗನ್ನು ಹಾರಿಸಿ ನಿಂತಳು. ಒಬ್ಬನು ನಮ್ಮ ಕಡೆ ತಿರುಗಿ, "ಅಜ್ಜೀ, ಸ್ವಲ್ಪ ಪಕ್ಕಕ್ಕೆ ಬರುತ್ತೀರಾ? ಚಿತ್ರದಲ್ಲಿ ಬೀಳುತ್ತೀರಿ" ಎಂದನು.

ನಮಗೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ನಲವತ್ತೈದು ವರ್ಷದ ಮೇಲೆ ತನ್ನ ದೇವಾಲಯಕ್ಕೆ ಬಂದ ಮುದುಕಿಯನ್ನು ಪಕ್ಕಕ್ಕೆ ಸರಿಯೆನ್ನುವವರು ಇವರು ಯಾರು? ಇದು ದೇವರ ಮನೆಯೋ ನಾಟಕದ ಪರದೆಯೋ? ಇಂಥ ನಾಲ್ಕು ಮಾತುಗಳನ್ನು ಸಿದ್ಧಮಾಡಿಕೊಂಡು ನಾವು ಎದ್ದೆವು. ನಮಗಿಂತ ಮೊದಲೇ ತಾಯಿಯವರು ಎದ್ದು ಅವರ ಬಳಿಗೆ ಹೋಗಿದ್ದರು.

"ಮದುವೆ ಯಾವಾಗಮ್ಮ?"

"ಬರುವ ತಿಂಗಳು, ಅಜ್ಜೀ."

"ಹಾಗಾದರೆ ಅಲ್ಲಿ ನಿಲ್ಲಬೇಡ, ಮಗಳೇ. ಅದು ಸ್ವಾಮಿಗಳು ನಿಲ್ಲುವ ಜಾಗ. ಮದುಮಕ್ಕಳು ನಿಲ್ಲುತ್ತಿದ್ದುದು ಇಲ್ಲಿ." ತಾಯಿಯವರು ಎರಡು ಹೆಜ್ಜೆ ಈಚೆಗೆ ಬಂದು ಬರಿಗಾಲಿನಿಂದ ನೆಲವನ್ನು ತಟ್ಟಿ ತೋರಿಸಿದರು. "ಬಾರಪ್ಪ, ನೀನು ಈ ಕಡೆ. ಹೆಣ್ಣು ಎಡಕ್ಕೆ. ಹೀಗೆ. ನಾನೂ ಇಲ್ಲೇ ನಿಂತಿದ್ದೆ."

ಕ್ಯಾಮೆರಾದವರು ಸುಮ್ಮನಾದರು. ಹುಡುಗ ಹುಡುಗಿಯರು ತೋರಿಸಿದಂತೆಯೇ ನಿಂತರು. ಹುಡುಗಿ ಸೆರಗನ್ನು ಹೊದ್ದುಕೊಂಡು, ನಾಟಕವನ್ನು ಬಿಟ್ಟು, ನಿಜವಾದ ಮದುಮಗಳ ಹಾಗೆಯೇ ಕಂಡಳು. ಚಿತ್ರ ತೆಗೆದದ್ದಾದ ಮೇಲೆ ಇಬ್ಬರೂ ಬಗ್ಗಿ ತಾಯಿಯವರ ಕಾಲನ್ನು ಮುಟ್ಟಿದರು. ತಾಯಿಯವರು ನಮ್ಮ ಮಕ್ಕಳಿಗೆ ಮಾಡುವಂತೆಯೇ ಅವರಿಬ್ಬರ ಹಣೆಯ ಮೇಲೂ ಹೆಬ್ಬೆರಳಿನಿಂದ ಶಿಲುಬೆಯ ಗುರುತನ್ನಿಟ್ಟರು. ಅವರು ಯಾವ ಮತದವರೆಂದು ಕೇಳಲಿಲ್ಲ; ಹುಡುಗಿಯ ಹಣೆಯ ಕುಂಕುಮವು ಸ್ವಲ್ಪ ಹೆಬ್ಬೆರಳಿಗೆ ಹತ್ತಿತು.

ಹಿಂದಿರುಗಿ ಬಂದು ಕುಳಿತ ಮೇಲೆ ಅವರು ಒಂದು ಕಥೆಯನ್ನು ಹೇಳಿದರು. ಆ ದಿನ ತಾಳಿಯನ್ನು ಕಟ್ಟುವಾಗ ತಂದೆಯವರ ಕೈ ನಡುಗಿತಂತೆ. ಗಂಟು ಕೂಡಿಬರಲೇ ಇಲ್ಲ. ಸೋದರತ್ತೆಯವರು ಹಿಂದಿನಿಂದ ಕೈಕೊಟ್ಟು ಗಂಟು ಹಾಕಿದರಂತೆ. "ಹೊರಗೆ ಬಂದ ಮೇಲೆ, ಈ ಮದುವೆ ನನ್ನ ಜೊತೆ ಆಯಿತೋ ನಿಮ್ಮ ಸೋದರತ್ತೆಯ ಜೊತೆ ಆಯಿತೋ ಎಂದು ನಾನು ಕೇಳಿದೆ" ಎಂದು ಹೇಳಿ ತಾಯಿಯವರು ನಕ್ಕರು. ನಾವು ಅವರ ಹೊಟ್ಟೆಯಲ್ಲಿ ಹುಟ್ಟಿ ನಲವತ್ತು ವರ್ಷಗಳ ಮೇಲಾದರೂ ಈ ಕಥೆಯನ್ನು ಕೇಳಿರಲಿಲ್ಲ. ತಂದೆಯವರನ್ನು ನಾವು ಕಂಡದ್ದು ಯಾವಾಗಲೂ ಕೈ ನಡುಗದ ಮನುಷ್ಯರನ್ನಾಗಿ.

ತಾಯಿಯವರು ಮಕ್ಕಳನ್ನು ಕರೆದುಕೊಂಡು ನೀರಿನ ಅಂಚಿಗೆ ಹೋದರು. ನಾವು ಜ್ಞಾನಸ್ನಾನದ ತೊಟ್ಟಿಯಿದ್ದ ಮೂಲೆಯಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಯೌವನದಲ್ಲಿ ಒಮ್ಮೆ, ಮಳೆಗಾಲದಲ್ಲಿ, ಸ್ನೇಹಿತರೊಡನೆ ಇಲ್ಲಿಗೆ ಬಂದು ದೂರದ ದಡದಲ್ಲಿ ನಿಂತು ನೋಡಿದ್ದೆವು. ಆಗ ಗೋಡೆಗಳ ಮೇಲ್ಭಾಗ ಮಾತ್ರ ನೀರಿನಿಂದ ಮೇಲಿತ್ತು. ಈಗ ಕುಳಿತ ಜಾಗ ಆಳದಲ್ಲಿತ್ತು. ಅಂದು ನಮಗೆ ಇದು ಹಾಳೆಂದಷ್ಟೇ ತೋರಿತ್ತು. ಆದರೆ ಜ್ಞಾನಸ್ನಾನವೆಂದರೇನು? ಸಂತ ಪೌಲರ ಉಪದೇಶದ ಪ್ರಕಾರ ಅದು ಬರಿಯ ತೊಳೆಯುವಿಕೆಯಲ್ಲ, ಕ್ರಿಸ್ತರೊಡನೆ ಹೂಳಲ್ಪಡುವುದು, ಅವರೊಡನೆ ಏಳುವುದು. ಈ ಮೂಲೆಯಲ್ಲಿ ಎಷ್ಟೋ ಕೂಸುಗಳ ತಲೆಯ ಮೇಲೆ ನೀರು ಹೊಯ್ದ ದೇವಾಲಯವು ಈಗ ತಾನೇ ಆಷಾಢದಲ್ಲಿ ನೀರಿಗೆ ಇಳಿಯುತ್ತದೆ. ಕ್ರಿಸ್ತಜಯಂತಿಯ ಸುಮಾರಿಗೆ ನೀರಿನಿಂದ ಏಳುತ್ತದೆ. ಕೂಸುಗಳಿಗೆ ಕೊಟ್ಟದ್ದನ್ನು ತಾನೂ ಪಡೆಯುತ್ತಿದೆಯೇ ಎಂದು ಯೋಚಿಸಿದೆವು.

ಉಪಮೆಗಳಿಗೂ ಒಂದು ಎಲ್ಲೆಯುಂಟು. ಈ ಗೋಡೆಗಳು ಪ್ರತಿಸಲವೂ ಸ್ವಲ್ಪ ಸವೆದೇ ಮೇಲೇಳುತ್ತವೆ. ಒಂದು ವರ್ಷ ಏಳದೆಯೂ ಹೋದಾವು. ಪುನರುತ್ಥಾನದಲ್ಲಿ ಸವೆತವಿಲ್ಲವೆಂದು ನಮ್ಮ ನಂಬಿಕೆ. ಜೆರುಸಲೇಮಿನ ದೇವಾಲಯದ ದೊಡ್ಡ ಕಲ್ಲುಗಳನ್ನು ತೋರಿಸಿ ಬೆರಗಾದ ಶಿಷ್ಯರಿಗೆ ಯೇಸುಸ್ವಾಮಿಯವರು ಆ ಕಲ್ಲುಗಳ ಮೇಲೆ ಭರವಸೆಯಿಡಲು ಹೇಳಲಿಲ್ಲ. ಹಾಗಾದರೆ ಇಲ್ಲಿ ಎದ್ದದ್ದು ಯಾವುದು? ಬೆಳಿಗ್ಗೆ ಈ ಬಾಗಿಲಿನಲ್ಲಿ ಮೆಟ್ಟನ್ನು ಬಿಟ್ಟ ತಾಯಿಯವರೂ, ಈಗ ನೀರಿನ ಬಳಿ ಮೊಮ್ಮಗನಿಗೆ ಕಲ್ಲನ್ನು ಚಿಮ್ಮಿಸುವುದನ್ನು ಕಲಿಸುತ್ತಿರುವ ತಾಯಿಯವರೂ ಒಬ್ಬರೇ ಎಂದು ಹೇಳುವುದು ನಮಗೆ ಕಷ್ಟವಾಯಿತು.

ಮೂರು ಗಂಟೆಗೆ ಹೊರಟೆವು. ಮಗನ ಜೇಬಿನಲ್ಲಿ ಒಂದು ಇಟ್ಟಿಗೆಯ ಚೂರಿತ್ತು. ನಮ್ಮ ಮನೆಯವರು ಅದನ್ನು ಕಂಡು ಹಿಂದಕ್ಕೆ ಇಡಿಸಿದರು. ಒಬ್ಬೊಬ್ಬರು ಒಂದೊಂದು ಚೂರನ್ನು ತೆಗೆದುಕೊಂಡು ಹೋದರೆ ನೀರಿಗೆ ಕೆಲಸವೇ ಉಳಿಯುವುದಿಲ್ಲವೆಂದು ಅವರ ವಾದ; ಅದು ಸರಿಯಾದ ವಾದವೇ. ತಾಯಿಯವರು ಏನನ್ನೂ ತೆಗೆದುಕೊಳ್ಳಲಿಲ್ಲ. ಕಾರನ್ನು ಹತ್ತುವ ಮುಂಚೆ ಮೆಟ್ಟಿನ ಕೆಸರನ್ನು ಕೊಡವಲು ನಾವು ಕೈನೀಡಿದೆವು. "ಇರಲಿ ಬಿಡು, ಮನೆಯಲ್ಲಿ ತೊಳೆದರಾಯಿತು" ಎಂದರು.

ಬೆಂಗಳೂರನ್ನು ಸೇರಿದಾಗ ರಾತ್ರಿ ಒಂಬತ್ತು ಹೊಡೆದಿತ್ತು. ಎಲ್ಲರಿಗೂ ಆಯಾಸ, ಮಗನು ಕುಳಿತಲ್ಲಿಯೇ ತೂಕಡಿಸುತ್ತಿದ್ದನು. ಈ ದಿನ ಜಪಸರವನ್ನು ಬಿಟ್ಟರೂ ದೇವರು ಕ್ಷಮಿಸಿಯಾರೆಂದು ನಾವು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರುವಾಗಲೇ ತಾಯಿಯವರು ಕೈಕಾಲು ತೊಳೆದುಕೊಂಡು ಬಂದು, ದೀಪವನ್ನು ಹಚ್ಚಿ, ಚಾಪೆಯ ಮೇಲೆ ಕುಳಿತರು. ಸರವನ್ನು ಕೈಗೆ ತೆಗೆದುಕೊಂಡು, "ಈ ದಿನ ಶನಿವಾರ ಅಲ್ಲವೇ?" ಎಂದು ಕೇಳಿದರು.

ಯಾರೂ ಉತ್ತರ ಹೇಳಲಿಲ್ಲ. ತಾಯಿಯವರು ಸ್ವಲ್ಪ ಹೊತ್ತು ಬಿಟ್ಟು, ಸಂತೋಷದ ಮೊದಲನೆಯ ರಹಸ್ಯವನ್ನು, ದೇವದೂತನು ಮರಿಯಮ್ಮನವರ ಬಳಿಗೆ ಬಂದದ್ದನ್ನು ಹೇಳಿ, ಪ್ರಾರ್ಥನೆಯನ್ನು ಆರಂಭಿಸಿದರು. ಎರಡನೆಯದನ್ನು ನಮ್ಮ ಮನೆಯವರು ಹೇಳಿದರು. ಮೂರನೆಯದು ಮಗಳ ಪಾಲಿಗೆ ಬಂದಿತು. ಎರಡು ವರ್ಷ ಹೇಳದೆ ಇದ್ದುದರಿಂದ ಅವಳಿಗೆ ಕ್ರಮವು ಮರೆತುಹೋಗಿತ್ತು. ನಮ್ಮ ಮುಖವನ್ನು ನೋಡಿದಳು, ನಮಗೂ ಒಡನೆಯೇ ನೆನಪಾಗಲಿಲ್ಲ. "ಕೂಸು ಹುಟ್ಟಿದ್ದು ಕಣೇ, ಕೊಟ್ಟಿಗೆಯಲ್ಲಿ" ಎಂದು ಅಜ್ಜಿ ಹೇಳಿಕೊಟ್ಟರು.